ಬೆಸುಗೆ ಬಿದ್ದ ಮೋಟಾರ್ ಸೈಕಲ್

೧೯೫೬ರ ಒಂದು ಮಧ್ಯಾಹ್ನ ಕೆಂಗೇರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಮುಂದೆ ಇಬ್ಬರು ನಿಂತಿದ್ದರು. ಒಬ್ಬರು ಬಿನ್ನಿಪೇಟೆಯ ಗಾಡಿ ರಿಪೇರಿ ಮೇಸ್ತ್ರಿ ದಾಸಪ್ಪ. ಇನ್ನೊಬ್ಬ, ಹಳೆಯ ಮೋಟಾರ್ ಸೈಕಲ್ಲಿಗೆ ಬೆಲೆ ಕಟ್ಟಿಸಲು ಅವರನ್ನು ಊರೊಳಗೆ ಕರೆದೊಯ್ದು ಬಂದಿದ್ದ ರುದ್ರಯ್ಯ ಎಂಬ ಯುವಕ.

“ಇಪ್ಪತ್ತೆಂಟನೇ ಇಸವಿ ಗಾಡಿ, ಮೇಸ್ತ್ರಿ. ಬೆಂಗಳೂರಲ್ಲೇ ಇಂಥದ್ದು ಇನ್ನೊಂದಿಲ್ಲ. ಎಂಟುನೂರು ಜಾಸ್ತಿನಾ?”

“ಚೆನ್ನಾಗಿದ್ದಿದ್ರೆ ಸಾವಿರಕ್ಕೂ ಮೋಸ ಇರ್ಲಿಲ್ಲ. ಟ್ಯಾಂಕಿನ ಕೆಳಗೆ ಚಾಸಿ ಸೀಳಿದೆ, ಸ್ವಾಮಿ. ಬೆಸುಗೆ ಮೇಲೆ ಬೆಸುಗೆ ಹಾಕಿ ಬಣ್ಣ ಬಳಿದವ್ರೆ.”

“ನಂಗೇನೂ ಕಾಣ್ಲಿಲ್ವಲ್ಲ.”

“ನಂಗೆ ಗೊತ್ತಾಯ್ತು. ಮೊದಲನೇ ಬೆಸುಗೆ ನಾನೇ ಹಾಕಿದ್ದು. ಅದು ಬಿಟ್ಕೊಂಡೇ ಈ ಗಾಡಿ ಮಾರ್ತಿರೋರ ಮನೆ ಹುಡುಗನ ಕಾಲು ಹೋಯ್ತು.”



“ಹಂಗಾದ್ರೆ ಎಷ್ಟು ಬಾಳುತ್ತೆ?”

“ಮುನ್ನೂರು. ಅದೂ ಬಿಡಿಭಾಗ ಕಿತ್ತು ಮಾರೋರಿಗೆ. ಹತ್ತಿ ಓಡಿಸೋಕಲ್ಲ.”

“ಮುನ್ನೂರಕ್ಕೆ ಕೊಡ್ತಾರಾ?”

“ಬೆಸುಗೆ ಹಾಕಿದ ನನ್ನ ಮುಖ ಅವ್ರು ನೋಡಿದ್ರಲ್ಲ, ಇನ್ನೂರಕ್ಕೂ ಕೊಡ್ತಾರೆ. ಆದ್ರೆ ಬೇಡ.”

“ಭಾನುವಾರ ಹೆಂಡ್ತಿ, ಮಗೂನ ತವರಿಂದ ಕರ್ಕೊಂಡು ಬರ್ಬೇಕು, ಮೇಸ್ತ್ರಿ. ನಿಧಾನಕ್ಕೇ ಓಡಿಸ್ತೀನಿ.”

“ಆ ಹುಡುಗನೂ ನಿಧಾನಕ್ಕೇ ಓಡಿಸ್ತೀನಿ ಅಂದಿದ್ದ.”

ಬಸ್ಸು ಬಂತು. ದಾಸಪ್ಪ ಹತ್ತಿ, ಪಕ್ಕದ ಜಾಗಕ್ಕೆ ಟವೆಲ್ ಹಾಕಿ ಹಿಡಿದುಕೊಂಡರು. ರುದ್ರಯ್ಯ ಹತ್ತಲಿಲ್ಲ. ಬಂದ ದಾರಿಯಲ್ಲೇ ಊರೊಳಕ್ಕೆ ಬಿರಬಿರನೆ ನಡೆಯತೊಡಗಿದ.

ದಾಸಪ್ಪ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೂಗಿದರು.

“ರುದ್ರಯ್ಯನೋರೇ! ನಾನು ಬೆಲೆ ಹೇಳ್ದೆ ಅಷ್ಟೆ, ತಗೊಳ್ಳಿ ಅನ್ಲಿಲ್ಲ!”

ಅವನು ಹಿಂದೆ ತಿರುಗದೆ, ಕೇಳಿಸಿತೆಂಬಂತೆ ಕೈಯೆತ್ತಿ ಬೀಸಿದ. ಬಸ್ಸು ಹೊರಟಿತು.