ರೇಣು ಅಕ್ಕನ ಮೂರು ನಿಮಿಷ

ವೇದಿಕಿ ಮ್ಯಾಲಿರೋ ಅಧ್ಯಕ್ಷರಾದ ಲಗಮಪ್ಪ ಕಾಕಾ ಅವರೇ, ಈಗಷ್ಟ ಶಾಲು ಹೊದ್ದು ಕುಂತಿರೋ ನಮ್ಮ ರೇಣು ಅಕ್ಕ, ಚಾಪಿ ಮ್ಯಾಲ ಜಾಗ ಹಿಡಿದಿರೋ ಅವ್ವಂದಿರೇ, ಗ್ವಾಡಿಗೆ ಆತು ನಿಂತ ದೋಸ್ತರೇ, ಸುರೇಬಾನದ ಎಲ್ಲಾ ಸಭಿಕರೇ, ಜೈ ಭೀಮ್.

ನಾ ಪರಶು. ವಾಟ್ಸಾಪ್ ಗ್ರೂಪಿನ್ಯಾಗ ಉದ್ದುದ್ದ ಬರ್ಯಾಂವ. ಇಲ್ಲಿ ಡಿಲೀಟ್ ಮಾಡಾಕ ಬರೂದಿಲ್ಲ, ಅದಕ್ಕ ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ.

ರೇಣು ಅಕ್ಕ ಧಾರವಾಡದಾಗ ಏನ್ ಮಾಡತಾಳ? ಕಬ್ಬಿನ ಸಿಪ್ಪಿ ಸುಟ್ಟು ಇದ್ದಲಿ ಮಾಡಿ, ಆ ಇದ್ದಲಿ ಆಸರಿಲೆ ನೀರಿನಿಂದ ಹೈಡ್ರೋಜನ್ ತಗ್ಯೂದು ಹೆಂಗಂತ ಸಂಶೋಧನಾ ಮಾಡತಾಳ. ಹೈಡ್ರೋಜನ್ ಅಂದ್ರ ಹೊಗಿ ಇಲ್ಲದ ಉರವಲ. ಇಂಥಾ ಕೆಲಸ ಮಾಡೂ ಹುಡುಗರನ್ನ ದೇಶದೇಶದಿಂದ ಕರದು ಜರ್ಮನಿಯೊಳಗ ಎರಡು ವಾರ ಬ್ಯಾಸಿಗಿ ಸಾಲಿ ನಡಸತಾರ. ಅದಕ್ಕ ನಮ್ಮಕ್ಕ ಆರಿಸಿ ಬಂದಾಳ! ಶೆಟ್ಟೆವ್ವ ಆಯಿ ಕೇಳಿದ್ಲು, "ಬ್ಯಾಸಿಗ್ಯಾಗ ಯಾಕ್ ಸಾಲಿ? ನಪಾಸಾಗ್ಯಾಳೇನ?" ಇಲ್ಲ ಆಯಿ, ನಪಾಸಾದಾಂವ ನಾನು. ಪಿಯುಸಿ ಕೆಮಿಸ್ಟ್ರಿಯೊಳಗ.

ಆದ್ರ ಅಕ್ಕ ಹೋಗೂದಿಲ್ಲ ಅಂತ ಕುಂತಾಳ. ಸಿಟ್ಟ ಮಾಡಬ್ಯಾಡ ಅಕ್ಕ, ಹೇಳೇ ಬಿಡತೇನಿ. ಅಲ್ಲಿ ಪ್ರತಿಯೊಬ್ಬರೂ ಎದ್ದು ನಿಂತು ಮೂರು ನಿಮಿಷ ತಮ್ಮ ಕೆಲಸದ ಬಗ್ಗೆ ಮಾತಾಡಬೇಕಂತ. ಕಾಲೇಜಿನ್ಯಾಗ ಒಮ್ಮೆ ಅಕ್ಕಂದು ಮೈಕ್ ಮುಂದ ದನಿ ಹೊರಡ್ಲಿಲ್ಲ, ಹಿಂದ ಯಾರೋ ನಕ್ರು. ಆವತ್ತಿಂದ ಮೈಕ್ ಕಂಡ್ರ ಅಕ್ಕ ಹಿಂಬಾಗಿಲ ಹುಡುಕತಾಳ. "ಬರಿ ಅಂದ್ರ ಎಷ್ಟಾರ ಬರೀತೇನಿ ಪರಶು, ನಿಂದರು ಅನ್ನಬ್ಯಾಡೋ" ಅಂದ್ಲು. ಬರತೇನಿ, ಬರೂದಿಲ್ಲ, ಎರಡರಾಗ ಒಂದು ನಾಳಿ ಸಂಜಿಕ ಅವರಿಗೆ ತಿಳಸಬೇಕು.

ಅಕ್ಕನ ಒಂದ್ ಗುಟ್ಟು ನಮ್ಮ ಗ್ರೂಪಿನವರಿಗಷ್ಟ ಗೊತ್ತು. ಪ್ರಶ್ನಿ ಕೇಳಿದ್ರ ಸಂಜಿತನಕ ಉತ್ತರ ಇಲ್ಲ. ತಪ್ಪು ಉತ್ತರ ಹಾಕ್ರಿ ನೋಡೂಣು! ಲ್ಯಾಬಿನ್ಯಾಗ ಇದ್ರೂ ಟೈಪಿಂಗ್ ಶುರು. ನಪಾಸಾದ ನಾ ಮುಂದ ಕೆಮಿಸ್ಟ್ರಿ ಪಾಸಾಗಿದ್ದ ಹಂಗ. ದಿನಾ ಒಂದ್ ತಪ್ಪು ಹಾಕತಿದ್ದೆ, ಅಕ್ಕ "ಲೇ ಪರಶ್ಯಾ" ಅಂತ ಹಿಡದು ಪೂರಾ ಪಾಠಾನ ಬರೀತಿದ್ಲು. ಪಾಸಾದ ಮ್ಯಾಲೂ ತಪ್ಪು ಹಾಕೀನಿ. ಆ "ಲೇ ಪರಶ್ಯಾ" ಓದಲಿಲ್ಲಂದ್ರ ದಿನಾನ ಹೋಗೂದಿಲ್ಲ... ಇರ್ಲಿ, ಅದು ಬ್ಯಾರೆ ವಿಷಯ.

ಅಕ್ಕನ ಆ ಇದ್ದಲಿಗೆ ಕ್ಯಾಟಲಿಸ್ಟ್ ಅಂತಾರ. ಹಂಗಾರ ಕ್ಯಾಟಲಿಸ್ಟ್ ಅಂದ್ರ ಏನು? ಕನ್ನಡದಾಗ ವೇಗವರ್ಧಕ. ಸ್ಟೋವಿಗೆ ಹಾಕೂ ಸೀಮೆಎಣ್ಣಿ ಇದ್ದಂಗ. ಉರಿದು ತೀರತೈತಿ, ಮತ್ತ ಹಾಕಬೇಕು. ಯಾಕ, ಅಕ್ಕ ತಲಿ ಅಲ್ಲಾಡ್ಸಾಕ ಹತ್ಯಾಳ? ತೀರತೈತಿ ಬಿಡ್ರಿ! ಇದ್ದಲಿ ತೀರದ ಇರತೈತೇನು? ಕಬ್ಬಿನ ಸಿಪ್ಪಿ ಎಂ.ಕೆ. ಹುಬ್ಬಳ್ಳಿ ಸಕ್ಕರಿ ಫ್ಯಾಕ್ಟರಿಯೊಳಗೂ ಉರಸತಾರ, ಅದಕ್ಕ ಜರ್ಮನಿ ಯಾಕ ಬೇಕು?

ನೋಡ್ರಿ, ಶಾಲು ಸರಸಿದ್ಲು.

ನಮ್ಮಲ್ಲಿ ಶಾಲು ಹೊದ್ದವರು ಎರಡು ಮಾತಾಡದ ವೇದಿಕಿ ಇಳಿಯೂ ಪದ್ಧತಿ ಇಲ್ಲ. ಅದು ಗೊತ್ತಿದ್ದ ನಾನು, ಕಾಕಾ ಕೂಡಿ ಈ ಸನ್ಮಾನ ಇಟ್ಟೇವಿ. ಅಕ್ಕ, ಇಂಗ್ಲಿಷ್ ಬ್ಯಾಡ, ಆಯಿಗೆ ತಿಳಿಯೂ ಹಂಗ ಹೇಳು. ಇಲ್ಲಿ ನಕ್ರೂ ನನ್ನ ನೋಡಿ ನಗತಾರ.

ಎದ್ದಾಳ್ರಿ! "ಲೇ ಪರಶ್ಯಾ, ಅದು ತೀರೂದಿಲ್ಲೋ" ಅಂದ್ಲು. ಮೈಕ್ ಇಲ್ಲದನ ಹಿಂದಿನವರಿಗೂ ಕೇಳಿಸ್ತಿಲ್ಲೋ?

ನನ್ನ ತಪ್ಪು ಉತ್ತರಾನ ಇಷ್ಟೊತ್ತು ಸಮಾಧಾನದಿಂದ ಕೇಳಿದ ನಿಮಗೆಲ್ಲಾ ಭಾಳ ಉಪಕಾರ. ಖರೇ ಉತ್ತರ ಈಗ ಬರತೈತಿ. ದುರ್ಗಪ್ಪ, ಮೈಕ್ ಚೂರು ತಗ್ಗಸಪಾ, ಅಕ್ಕನ ಎತ್ತರಕ್ಕ. ನಮಸ್ಕಾರ.