ಆರನೇ ತೊಟ್ಟಿಯ ಹೆಪ್ಪು

ಬನ್ನಿ, ಒಲೆ ಹತ್ತಿರ ಜರುಗಿ ಕೂತ್ಕೊಳ್ಳಿ. ಟೀ ಆರಿದರೆ ಆರಲಿ, ಇನ್ನೊಮ್ಮೆ ಮಾಡಿಕೊಡ್ತೀನಿ. ಇದು ಯಾರೋ ಕಟ್ಟಿ ಹೇಳಿದ್ದಲ್ಲ. ನನ್ನ ಚಿಕ್ಕಮ್ಮನ ಮಗ ಹೊರೇಸ್‌ಗೆ ಆದದ್ದು.

ನಮ್ಮೂರಿನ ಬಿಯರ್ ಕಾರ್ಖಾನೆಗೆ ಆಗ ನೂರ ನಲವತ್ತು ವರ್ಷ. ಬಿಯರ್ ಹುಳಿ ಬರಿಸೋದಕ್ಕೆ ಹೆಪ್ಪು ಬೇಕು, ಯೀಸ್ಟ್ ಅಂತಾರಲ್ಲ ಅದು; ಮೊದಲ ದಿನದ ಆ ಹೆಪ್ಪನ್ನೇ ಒಂದು ಸಲದ ಬಿಯರಿನಿಂದ ತೆಗೆದು ಮುಂದಿನದಕ್ಕೆ ಹಾಕುತ್ತಾ, ಸಾಯದ ಹಾಗೆ ಕಾಪಾಡಿಕೊಂಡು ಬಂದಿದ್ದರು. ರುಚಿಯೆಲ್ಲ ಅದರಲ್ಲೇ. ಅರವತ್ತೆಂಟರಲ್ಲಿ ದೊಡ್ಡ ಕಂಪನಿಯವರು ಕೊಂಡರು. ಆರೇ ತಿಂಗಳಿಗೆ ಬೀಗ. ಆ ಹೆಪ್ಪು ಇನ್ನೊಬ್ಬರಿಗೆ ಸಿಗಬಾರದು ಅಂತ ಚರಂಡಿಗೆ ಸುರಿಸಿದರು. ಅಲ್ಲೇ ಕೆಲಸಕ್ಕಿದ್ದ ಹೊರೇಸ್ ಕೈಯಲ್ಲೇ ಸುರಿಸಿದರು.

ಪಕ್ಕದೂರಲ್ಲಿ ಸಣ್ಣದಾಗಿ ಬಿಯರ್ ಮಾಡುತ್ತಿದ್ದ ಪಾಯ್ಸರ್ ಅವನಿಗೆ ಹೇಳಿದ್ದ: "ಒಂದು ಹಿಡಿ ಹೆಪ್ಪು ತಾರೋ. ಅದೂ ಬದುಕುತ್ತೆ, ನಿಂಗೂ ಕೆಲಸ." ಮುಚ್ಚುವ ಕಾರ್ಖಾನೆಗೆ ತೊಳೆಯೋದೇನು ಅಂತ ಬಿಯರ್ ಹುಳಿ ಬರಿಸುವ ಮರದ ತೊಟ್ಟಿಗಳಲ್ಲಿ ಆರನೆಯದನ್ನು ಹಾಗೇ ಬಿಟ್ಟಿದ್ದರು. ತಳದಲ್ಲಿ ಒಂದಿಷ್ಟು ಉಳಿದಿತ್ತು.

ತೊಟ್ಟಿಯ ತಳದಲ್ಲಿ ಉಸಿರು ಕಟ್ಟಿಸುವ ಕೆಟ್ಟ ಗಾಳಿ ನಿಲ್ಲುತ್ತೆ, ಬಿಯರ್ ಹುಳಿಯುವಾಗ ಏಳುವಂಥದ್ದು. ಇಳಿಯುವ ಮೊದಲು ಹಗ್ಗಕ್ಕೆ ಮೇಣದಬತ್ತಿ ಕಟ್ಟಿ ಬಿಡಬೇಕು. ಆರಿದರೆ ಇಳಿಯಬಾರದು. ಹಿಂದಿನ ಚಳಿಗಾಲ ಮ್ಯಾನೇಜರ್ ಬ್ಲೋರ್, "ಬತ್ತಿಗಿತ್ತಿ ಏನೂ ಬೇಡ, ಬೇಗ ಇಳಿ" ಅಂತ ಅವಸರ ಮಾಡಿ, ತೊಟ್ಟಿ ತೊಳೆಯುವ ಈನಕ್‌ನನ್ನು ಇದೇ ಆರನೆಯದಕ್ಕೆ ಇಳಿಸಿದ್ದ. ಮೇಲೆತ್ತಿದ್ದು ಹೆಣ. ಹೆಂಡತಿಗೆ ಕಾರ್ಖಾನೆಯವರು ಕೊಟ್ಟಿದ್ದು ಒಂದು ಡಜನ್ ಬಿಯರ್!

ಹೊರೇಸ್ ಬೆಳಗಿನ ಜಾವ ನಾಲ್ಕಕ್ಕೆ ಹೊರಟ. ಇಷ್ಟು ವರ್ಷ ಕೆಲಸಕ್ಕೆ ಹೋಗುತ್ತಿದ್ದ ಹೊತ್ತೇ ಅದು. ಕಾರ್ಖಾನೆಯ ಬಾವಿ ದಾಟುವಾಗ ಕೇಳಿಸಿತು... ಸರ್ರ್... ಸರ್ರ್... ಒದ್ದೆ ಹಲಗೆಗೆ ಒರಟು ಬ್ರಶ್ ಉಜ್ಜುವ ಸದ್ದು.

ಹಿಂದಿನ ಕಿಟಕಿಯಿಂದ ಒಳಗೆ ಹೋದ. ಸದ್ದು ಆರನೇ ತೊಟ್ಟಿಯಿಂದ. ಏಣಿ ಇಳಿಬಿಟ್ಟು ಒಂದು ಕಾಲಿಟ್ಟ.

ಸದ್ದು ನಿಂತಿತು.

"ಹೊರೇಸೂ... ಬತ್ತಿ ಬಿಟ್ಟೆಯೇನೋ?"

"ಯಾ... ಯಾರು?"

"ಇನ್ಯಾರು, ನಿಮ್ಮಜ್ಜನಾ? ಈನಕ್ ಕಣೋ. ಬತ್ತಿ ಬಿಡೋ ಪೆದ್ದೇ."

ಬಿಟ್ಟ. ಅರ್ಧಕ್ಕೇ ಪುಸ್ ಅಂತ ಆರಿತು. ಮತ್ತೆ ಹಚ್ಚಿದ. ಮತ್ತೆ ಆರಿತು.

"ನಿಂಗೂ ಒಂದು ಡಜನ್ ಬೇಕಾ? ಮನೆಗೆ ಹೋಗು."

"ಹೆಪ್ಪು ಬೇಕಪ್ಪಾ... ನಂಗೆ ಬೇರೆ ಗತಿ ಇಲ್ಲ."

ಹಿಂದಿನಿಂದ ಯಾರೋ ಬೆನ್ನು ತಟ್ಟಿದರು... ನಿಧಾನಕ್ಕೆ, ಒಂದೇ ಸಲ.

ಎದ್ದೆನೋ ಬಿದ್ದೆನೋ ಅಂತ ಓಡಿ ನನ್ನ ಮನೆಗೆ ಬಂದ. ಕೋಟು ಬಿಸಾಡಿ ಮುದುರಿ ಮಲಗಿದ. ಕೋಟಿನ ಬೆನ್ನ ಮೇಲೆ ಐದು ಬೆರಳಿನ ಗುರುತು. ಬಿಳೀ ನೊರೆ, ಹುಳಿ ಬಂದ ಬ್ರೆಡ್ ಹಿಟ್ಟಿನ ವಾಸನೆ. ಎಲ್ಲೋ ಕೊಚ್ಚೆಯಲ್ಲಿ ಬಿದ್ದಿದ್ದಾನೆ ಅಂದುಕೊಂಡು ಕುದಿನೀರು, ಸೋಪು ಹಾಕಿ ತಿಕ್ಕಿದೆ ನಾನು. ಚೆನ್ನಾಗಿ ತಿಕ್ಕಿದೆ.

ಮಧ್ಯಾಹ್ನ ಎದ್ದು ಎಲ್ಲಾ ಹೇಳಿದ. ನಾನು ಗುರುತಿನ ಸುದ್ದಿ ಎತ್ತಿದೆ. ಗಕ್ಕನೆ ನಿಂತ.

"ಅಕ್ಕಾ, ಅದೇ ಹೆಪ್ಪು! ಕೋಟೆಲ್ಲಿ?"

"ಒಗೆದು ಹಾಕಿದೆ ಕಣೋ."

ಹಗ್ಗದ ಮೇಲೆ ತೂಗುತ್ತಿದ್ದ ಕೋಟನ್ನೇ ನೋಡಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುವಾರ ಕಾರ್ಖಾನೆ ಕೆಡವಿದರು. ಪಾಯ್ಸರ್ ಎರಡು ವರ್ಷಕ್ಕೆ ಅಂಗಡಿ ಮುಚ್ಚಿದ. ಈನಕ್‌ನ ಹೆಂಡತಿ ಮಗಳ ಊರಿಗೆ ಹೋಗಿ ಅಲ್ಲೇ ತೀರಿಕೊಂಡಳು. ಬ್ಲೋರ್‌ಗೆ ಬಡ್ತಿ ಸಿಕ್ಕಿತು, ಸಮುದ್ರದ ದಂಡೆಯಲ್ಲಿ ಮನೆ ಕಟ್ಟಿಸಿ ಎಂಬತ್ತೊಂಬತ್ತು ವರ್ಷ ಬದುಕಿದ. ಹೊರೇಸ್ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಡಬ್ಬ ಹೊತ್ತು ಹೊತ್ತು ಸತ್ತ. ನಾನು ಇದ್ದೀನಿ, ನಿಮ್ಮೆದುರಿಗೇ.

ಆ ಕೋಟು ಒಣಗಲು ಮೂರು ದಿನ ಹಿಡಿಯಿತು. ಹೊರಗೆ ಹಿಮ. ತೋಳು, ಕಾಲರ್ ಎಲ್ಲ ಸೆಟೆದು ಕಲ್ಲಾಗಿತ್ತು. ಬೆನ್ನಿನ ಆ ಜಾಗ ಮಾತ್ರ... ಬೆಚ್ಚಗಿತ್ತು. ಸುಳ್ಳಲ್ಲ. ಇದೇ ಕೈಯಲ್ಲಿ ಮುಟ್ಟಿದ್ದೀನಿ.