ನೂರಾ ಹದಿನೆಂಟು ಸುತ್ತು

ಮಾನ್ಯ ಅಧ್ಯಕ್ಷರೇ, ಜಮಖಂಡಿಯಿಂದ ದಾರಿಯ ಧೂಳನ್ನೆಲ್ಲ ಕುಡಿದು ಬಂದಿರುವ ಅತಿಥಿಗಳೇ, ಬನಹಟ್ಟಿಯ ನೇಕಾರ ಬಂಧುಗಳೇ, ತಾಯಂದಿರೇ, ಸಭಿಕರೇ,

ನಮ್ಮ ರೇಡಿಯೋ ಕಾರಖಾನೆಗೆ ಇಂದು ಐದು ವರ್ಷ ತುಂಬಿತು. ಈಗಷ್ಟೇ ಓದಿದ ಮಾನಪತ್ರದಲ್ಲಿ, "ತೇರದಾಳದ ಜಿನ್ನಪ್ಪನವರು ಯುದ್ಧಕಾಲದಲ್ಲಿ ರೇಡಿಯೋದ ಕಾಯಿಲನ್ನು ಒಬ್ಬರೇ ಸಾಧಿಸಿದರು" ಎಂದಿದೆ. ಆ ಜಿನ್ನಪ್ಪ ನಾನೇ. ಕೇಳಲು ಸೊಗಸಾಗಿದೆ. ಅದರ ಕರಡನ್ನು ಮೊನ್ನೆಯೇ ನನಗೆ ತೋರಿಸಿದ್ದರು. ಎರಡು ಕಾಗುಣಿತ ತಿದ್ದಿಕೊಟ್ಟೆ. "ಒಬ್ಬರೇ" ಎಂಬ ಮಾತನ್ನು ಮಾತ್ರ ತಿದ್ದಲಿಲ್ಲ. ಯಾಕೆ ತಿದ್ದಲಿಲ್ಲ? ಆಸೆ, ಸ್ವಾಮಿ, ಆಸೆ.

ಕಾಯಿಲು ಎಂದರೇನು? ರಟ್ಟಿನ ಕೊಳವೆಗೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದ್ದು. ಗಾಳಿಯಲ್ಲಿ ಬರುವ ಹತ್ತು ಸ್ಟೇಷನ್ನುಗಳಲ್ಲಿ ನಮಗೆ ಬೇಕಾದ ಒಂದನ್ನು ಅದು ಆರಿಸಿಕೊಡುತ್ತದೆ. ಅದಿಲ್ಲದಿದ್ದರೆ ರೇಡಿಯೋ ಬರೀ ಸಾಗವಾನಿ ಪೆಟ್ಟಿಗೆ, ಬೆಲ್ಲ ಇಡಲು ಛಲೋ. ಯುದ್ಧದಿಂದಾಗಿ ಕಾಯಿಲು ತರುವ ವಿಲಾಯತಿಯ ಹಡಗು ನಿಂತಾಗ ನಮ್ಮಲ್ಲಿ ಅಂಥ ಮೂವತ್ತು ಪೆಟ್ಟಿಗೆಗಳು ಮೂಕವಾಗಿ ಕುಳಿತಿದ್ದವು.

ಪುಣೆಯಲ್ಲಿ ಈ ವಿದ್ಯೆ ಕಲಿತ ನಮ್ಮ ಕೃಷ್ಣಾಜಿಯವರು ಕೆಟ್ಟ ಕಾಯಿಲೊಂದನ್ನು ಬಿಚ್ಚಿ ಎಣಿಸಿದರು. ನೂರಾ ಹದಿನೆಂಟು ಸುತ್ತು. ಇಷ್ಟೇನಾ ಎಂದು ನಾವಿಬ್ಬರೂ ಸುತ್ತಲು ಕುಳಿತೆವು. ನಾವು ಸುತ್ತಿದ ಒಂದು ಕಾಯಿಲು ಇನ್ನೊಂದರಂತೆ ಇರಲಿಲ್ಲ. ಮುಂಬಯಿ ಸ್ಟೇಷನ್ನು ಹುಡುಕಿದರೆ ಬರೀ ಗೊರಕೆ ಕೇಳುತ್ತಿತ್ತು. ಆಗ ನನಗೆ ಪಕ್ಕದ ಓಣಿಯ ಬನಶಂಕರಿಯವರ ನೆನಪಾಯಿತು. ಗಂಡ ತೀರಿಕೊಂಡ ಮೇಲೆ ಮಗ್ಗದವರಿಗೆ ಕಂಡಿಕೆಗೆ, ಅಂದರೆ ಲಾಳಿಯೊಳಗಿನ ಪುಟ್ಟ ಕೊಳವೆಗೆ, ನೂಲು ಸುತ್ತಿಕೊಟ್ಟು ಬಾಳುತ್ತಿದ್ದ ಹೆಣ್ಣುಮಗಳು. ತಂತಿಯನ್ನು ಬೆರಳಿಗೆ ತಾಗಿಸಿ ನೋಡಿ ಅವರು ಕೇಳಿದರು: "ನೂಲು ಹರದ್ರ ಗಂಟ ಹಾಕತೇವ್ರಿ. ಇದು ಹರದ್ರ?"

"ಗಂಟು ಹಾಕೂಹಂಗಿಲ್ಲ. ಮೊದಲಿಂದ ಸುತ್ತಬೇಕು."

"ಹಂಗಾದ್ರ ಹರೀಬಾರ್ದು. ಅಷ್ಟ ಹೌದಲ್ರಿ?"

ತಮ್ಮ ರಾಟಿಯನ್ನೇ ತಂದರು. ನಾಲ್ಕು ವಾರ ತಂತಿ ಹರಿಯುತ್ತಲೇ ಹೋಯಿತು. ಐದನೆಯ ವಾರ ಒಂದರ ಪಕ್ಕ ಒಂದು, ಕೂದಲಷ್ಟೂ ಸಂದಿಲ್ಲದೆ, ನೂರಾ ಹದಿನೆಂಟು ಸುತ್ತು ಕೂತವು. ಮುಂಬಯಿ ಮಾತನಾಡಿತು! ಮುಧೋಳ, ಬೀಳಗಿ, ಬೆಳಗಲಿ ಎಂದು ಮೂವತ್ತು ಸೆಟ್ಟುಗಳನ್ನೂ ಕಳಿಸಿದೆವು.

ಆಷಾಢದ ಜಿಟಿಜಿಟಿ ಹಿಡಿಯಿತು. ಒಂದೊಂದಾಗಿ ಇಪ್ಪತ್ತಾರು ಸೆಟ್ಟುಗಳು ಚಕ್ಕಡಿಯಲ್ಲಿ ವಾಪಸು ಬಂದವು. ಯಾವುದಕ್ಕೂ ದನಿಯಿಲ್ಲ. ಅಂದು ಕಾರಖಾನೆಯ ಎಲ್ಲರೆದುರು ನಾನೊಂದು ಮಾತು ಆಡಿದೆ. "ರಂಡಿಮುಂಡಿ ಕೈಯಾಗ ಕೊಟ್ಟದ್ದಕ್ಕ ಹಿಂಗಾತು" ಎಂದೆ. ಹೌದು, ಇದೇ ಬಾಯಿ ಅಂದಿತು. ಬನಶಂಕರಿಯವರು ಎದ್ದು, ರಾಟಿಯನ್ನು ಬಗಲಲ್ಲಿಟ್ಟುಕೊಂಡು ನಡೆದರು.

ಎರಡು ದಿನದ ಮೇಲೆ ನನ್ನ ಹೆಂಡತಿ ಹೀರಾ, ಸಿಟ್ಟಿನಿಂದ ನಾನು ಎಸೆದಿದ್ದ ಒಂದು ಕಾಯಿಲನ್ನು ಒಲೆಯ ಪಕ್ಕದಿಂದ ಎತ್ತಿ ಕೊಟ್ಟಳು. ಹಾಗೇ ಸೆಟ್ಟಿಗೆ ಕೂಡಿಸಿ ನೋಡಿದರೆ ಮುಂಬಯಿ ಗಂಟಲು ಬಿಟ್ಟು ಮಾತನಾಡಿತು. ರಟ್ಟು ಮಳೆಗಾಲದ ಹಸಿಯನ್ನು ಕುಡಿದಿತ್ತು, ಒಲೆಯ ಕಾವು ಅದನ್ನು ಒಣಗಿಸಿತ್ತು. ಕೈಯ ತಪ್ಪಾದರೂ ಎಲ್ಲಿತ್ತು?

ಬನಶಂಕರಿಯವರಿಗೆ ಇಳಕಲ್ ಸೀರೆ ಕಳಿಸಿದೆ. ಮಡಿಕೆ ಬಿಚ್ಚದೆ ತಿರುಗಿ ಬಂತು. ಆಮೇಲೆ ನಾನೇ ಹೋಗಿ ಹೊಸ್ತಿಲಲ್ಲಿ ನಿಂತು, ಕೆಟ್ಟದ್ದು ಹಸಿ ಕುಡಿದ ರಟ್ಟು, ನಿಮ್ಮ ಕೈಯಲ್ಲ, ತಪ್ಪಾಯಿತು ಎಂದೆ.

"ಬೈದದ್ದು ಮಂದಿ ಮುಂದರಿ, ಸಾಹುಕಾರ್ರ. ತಪ್ಪಾತು ಅನ್ನಾಕ ಒಬ್ಬರ ಬಂದೀರಿ?"

ಬಂದ ದಾರಿ ಹಿಡಿದು ಮರಳಿದೆ. ಆದರೆ ಮರುದಿನ ಬೆಳಿಗ್ಗೆ ರಾಟಿಯ ಸಮೇತ ಅವರು ಬಂದರು. "ನಿಮ್ಮ ಸಲುವಾಗಿ ಬಂದಿಲ್ರಿ. ನನ್ನ ಕೈಗೆ ಕೆಟ್ಟ ಹೆಸರು ಬಂದೈತಿ, ಅದನ್ನ ನೆಟ್ಟಗ ಮಾಡಾಕ ಬಂದೇನಿ" ಎಂದರು. ಕುಳಿತವರೇ ಕೃಷ್ಣಾಜಿಯವರಿಗೆ, "ನಾವು ನೂಲಿಗೆ ಗಂಜಿ ಕುಡಸ್ತೇವಲ್ರಿ. ಇದಕ್ಕ ನೀರು ಕುಡಿಯೂ ಮೊದಲ ಬ್ಯಾರೆ ಏನರ ಕುಡಸ್ರಿ" ಎಂದರು. ಕಾಯಿಲನ್ನು ಕಾಯಿಸಿ ಒಣಗಿಸಿ, ಕರಗಿಸಿದ ಮೇಣಬತ್ತಿಯಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವ ತನಕ ಕಾದೆವು. ಆಮೇಲೆ ಒಂದು ಹಗಲು ಬಕೀಟಿನ ನೀರಿನಲ್ಲಿಟ್ಟು ತೆಗೆದೆವು. ಒರೆಸಿ ಹಚ್ಚಿದರೆ ಮುಂಬಯಿ ಇದ್ದ ಜಾಗದಲ್ಲೇ ಇತ್ತು. ಅಂದಿನಿಂದ ಇಂದಿನವರೆಗೆ ಮಳೆಗೆ ಹೆದರಿ ನಮ್ಮ ಒಂದು ಸೆಟ್ಟೂ ತಿರುಗಿ ಬಂದಿಲ್ಲ.

ಆದರೆ ಮಂದಿಯ ಮುಂದೆ ಹೇಳಬೇಕಾದ ಮಾತು ನಾಲ್ಕು ವರ್ಷ ನನ್ನ ಗಂಟಲಲ್ಲೇ ಉಳಿಯಿತು. ಇಂದು ಹೇಳುತ್ತೇನೆ. ಬನಶಂಕರಿಯವರೇ, ಅಂದು ನಾನು ಆಡಿದ್ದು ಹೊಲಸು ಮಾತು. ತಪ್ಪಾಯಿತು. ಈ ಕಾಯಿಲು ನಿಮ್ಮದು.

ಅವರು ತಲೆ ತಗ್ಗಿಸಿ ಕುಳಿತಿದ್ದಾರೆ. ಇರಲಿ. ಕ್ಷಮಿಸಬೇಕೆಂಬ ಒತ್ತಾಯ ನನ್ನದಲ್ಲ.

ಈಗ ನಾವು ರೇಡಿಯೋದ ಇನ್ನೊಂದು ಭಾಗವಾದ ಕಂಡೆನ್ಸರು ಮಾಡಲು ಹೊರಟಿದ್ದೇವೆ. ಕಾಗದ, ತವರದ ತೆಳು ಹಾಳೆ, ಮತ್ತೆ ಸುತ್ತುವ ಕೆಲಸವೇ. ಎರಡು ಬುಟ್ಟಿ ಕಂಡೆನ್ಸರು ಸುಟ್ಟು ಹಾಳಾಗಿವೆ. ಯುದ್ಧ ಮುಗಿಯಿತಲ್ಲ, ಮುಂಬಯಿಯಿಂದ ತರಿಸೋಣ ಎಂದು ಕೃಷ್ಣಾಜಿಯವರು ಮೊನ್ನೆ ಅಂದರು. ಬನಶಂಕರಿಯವರು ರಾಟಿ ನಿಲ್ಲಿಸದೆ, "ತರಸ್ರಿ, ನಾವು ಕಲಿಯೂ ತನಕ" ಎಂದರು. ಆ ವಿಭಾಗ ಇನ್ನು ಅವರದು. ಅಲ್ಲಿ ಅವರ ಮಾತೇ ಕೊನೆ, ನನ್ನದಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಮೂರನೆಯ ಬುಟ್ಟಿ ಆರಂಭ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ತಮಗೆಲ್ಲ ನನ್ನ ಕೃತಜ್ಞತೆ. ನಮಸ್ಕಾರ.